ಮೂವತ್ತು ಮೊರ, ಮೂವತ್ತು ಕರಿಬೀಜ

ಕರೆಂಟಿನ ಕಣ್ಣಿರುವ ಯಂತ್ರವನ್ನು ಬರೀ ಮಾತಿನಲ್ಲಿ ಸೋಲಿಸಿದ ಗಂಡಸು ಇಡೀ ಮೈಸೂರು ರಾಜ್ಯದಲ್ಲಿ ಒಬ್ಬನೇ ಇದ್ದಾನೆ. ಅವನು ನಾನು.

ಸುಳ್ಳು. ಸೋತವರು ನಮ್ಮವರೇ, ಅವರನ್ನು ಸೋಲಿಸಿದ್ದೂ ಯಂತ್ರವಲ್ಲ. ಬರೀ ಮಾತಿನಲ್ಲಿ ಅಂದೆನಲ್ಲ, ಅದು ಮಾತ್ರ ನಿಜ.

ಇಂಥವೆಲ್ಲ ನಿನಗೇ ಯಾಕೆ ಆಗುತ್ತವೆ ಅಂತ ಮೂರ್ನಾಡಿನ ಈ ಚಹದಂಗಡಿಯಲ್ಲಿ ಎಷ್ಟೋ ಜನ ಕೇಳಿದ್ದಾರೆ. ಮಳೆ ಭಾಗಮಂಡಲದಲ್ಲೇ ಯಾಕೆ ಅಷ್ಟು ಸುರಿಯುತ್ತದೆ ಅಂತ ಯಾರಾದರೂ ಕೇಳುತ್ತಾರಾ? ಸುರಿಯುತ್ತದೆ, ಅಷ್ಟೇ. ತಗ್ಗಿನಲ್ಲಿ ನಿಂತವನು ನೆನೆಯುತ್ತಾನೆ.

ಆಗ ಕೊಡಗು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ಸರ್ಕಾರಿ ಕಾಗದದ ತಲೆ ಬದಲಾಗಿತ್ತು, ನಮ್ಮ ತಲೆ ಹಾಗೇ ಇತ್ತು. ನಾನು ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗೋಡೌನ್ ರೈಟರ್, ಲೆಕ್ಕ ಬರೆಯುವವನು. ಎಸ್ಟೇಟುಗಳಿಂದ ಬಂದ ಕಾಫಿಯ ಸಿಪ್ಪೆ ತೆಗೆದು, ಬೀಜ ಹಸನು ಮಾಡಿ, ಚೀಲಕ್ಕೆ ತುಂಬುವ ಜಾಗ ಅದು. ಕೊನೆಯಲ್ಲಿ ಮೂವತ್ತು ಹೆಂಗಸರು ಉದ್ದ ಕೋಣೆಯಲ್ಲಿ ಸಾಲಾಗಿ ಕೂತು, ಮೊರದಲ್ಲಿ ಬೀಜ ಹರಡಿ, ಕರಿಬೀಜ ಆರಿಸಿ ತೆಗೆಯುತ್ತಿದ್ದರು. ಒಂದು ಕರಿಬೀಜ ಸಾಕಂತೆ, ಒಂದು ಲೋಟ ಕಾಫಿ ಕೆಡಲು. ನಾನು ಚಹ ಕುಡಿಯುವುದು ಅದಕ್ಕೇ.

ಆ ಮೂವತ್ತು ಜನರ ಮೇಲೆ ಒಬ್ಬರು ಮೇಸ್ತ್ರಿಯಮ್ಮ. ಭಾಗಮಂಡಲದ ಕಡೆಯ ಅರೆಭಾಷೆ ಮಾತಾಡುವ ಗೌಡರ ಹೆಂಗಸು, ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಕೆಲಸದ ಜೊತೆಗೆ ಕೆಲಸದವರ ಲೈನ್ ಮನೆಯಲ್ಲಿ ಒಂದು ಕೋಣೆ ಸಿಕ್ಕಿತ್ತು. ಹತ್ತಡಿಗೆ ಎಂಟಡಿ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಆಮೇಲೆ ತಮ್ಮನ ಮನೆ, ತಮ್ಮನ ಹೆಂಡತಿಯ ಕೈ ಅನ್ನ. "ಅಲ್ಲಿ ತಾಟಿಗೆ ಬೀಳುವ ಸದ್ದಿನಲ್ಲೇ ಎಷ್ಟು ಅನ್ನ ಅಂತ ಗೊತ್ತಾಗ್ತದೆ ರೈಟ್ರೇ, ನೋಡುವುದೇ ಬೇಡ" ಅನ್ನುತ್ತಿದ್ದರು. ಹತ್ತಡಿಗೆ ಎಂಟಡಿಯನ್ನು ಅವರು ಅರಮನೆಯ ಹಾಗೆ ಗುಡಿಸಿ ಇಟ್ಟುಕೊಂಡಿದ್ದರು.

ಒಂದು: ಕೆಂಗಣ್ಣು

ಯಂತ್ರ ಬರುವುದಕ್ಕೆ ಆರು ವರ್ಷ ಮೊದಲಿನ ಮಾತು. ಆರಿಸುವ ಹೆಂಗಸರಿಗೆಲ್ಲ ಒಟ್ಟಿಗೇ ಕೆಂಗಣ್ಣು ಬಂತು. ಮೂವತ್ತು ಕೆಂಬೂತಗಳು ಸಾಲಾಗಿ ಕೂತ ಹಾಗೆ ಕೋಣೆ. ಕಣ್ಣಲ್ಲಿ ನೀರು ಸುರಿಯುತ್ತಿದೆ, ಬೀಜ ಕಾಣುತ್ತಿಲ್ಲ, ರಜೆ ಹಾಕಿದರೆ ಮ್ಯಾನೇಜರು ಬಿಡುವುದಿಲ್ಲ. ಡಾಕ್ಟರು ಡ್ರಾಪ್ಸ್ ಕೊಟ್ಟು ಒಂದು ವಾರ ಬೇಕು ಅಂದರು.

ನನಗೆ ಸುಮ್ಮನಿರಲು ಬರುವುದಿಲ್ಲ. ಹೋಗಿ, ಮುಖ ಸಣ್ಣ ಮಾಡಿಕೊಂಡು, "ಇದು ರೋಗವಲ್ಲ, ದೃಷ್ಟಿ" ಅಂದೆ.

"ಯಾರ ದೃಷ್ಟಿ?" ಮೇಸ್ತ್ರಿಯಮ್ಮ ಕೇಳಿದರು.

"ಯಾರದ್ದು ಅಂತ ಹೇಳಲಿ? ಮೊರವನ್ನು ಇಷ್ಟು ಚೊಕ್ಕ ಮಾಡಿ ಇಟ್ಟರೆ ಕಂಡವರ ಕಣ್ಣು ಬೀಳದೆ ಇರ್ತದಾ? ಕೂಸಿನ ಕೆನ್ನೆಗೆ ಯಾಕೆ ಕರಿಬೊಟ್ಟು ಇಡ್ತೀರಿ? ಆರಿಸಿ ಮುಗಿದ ಮೇಲೆ ಮೊರಕ್ಕೂ ಒಂದು ಇಡಿ. ಒಂದೇ ಒಂದು ಕರಿಬೀಜ."

ಅವತ್ತಿನಿಂದಲೇ ಇಟ್ಟರು. ಚೊಕ್ಕ ಮಾಡಿದ ಮೊರದ ಅಂಚಿನಲ್ಲಿ, ಎಡಗಡೆ, ಒಂದು ಕರಿಬೀಜ. ವಾರದೊಳಗೆ ಎಲ್ಲರ ಕಣ್ಣೂ ವಾಸಿಯಾಯಿತು. ಡಾಕ್ಟರು ಹೇಳಿದ್ದೂ ಅದೇ ವಾರ, ಆದರೆ ಡಾಕ್ಟರನ್ನು ಯಾರು ನೆನೆಸುತ್ತಾರೆ? ಬೊಟ್ಟಿನ ಬೀಜ ಶಾಸನವಾಯಿತು. ಹೊಸದಾಗಿ ಸೇರಿದವಳಿಗೆ ಆರಿಸುವುದನ್ನು ಕಲಿಸುವ ಮೊದಲು ಬೊಟ್ಟಿಡುವುದನ್ನು ಕಲಿಸುತ್ತಿದ್ದರು. ಮೊರಕ್ಕೊಂದು ಬೀಜ ಚೀಲದಲ್ಲಿ ಯಾರಿಗೆ ಕಾಣುತ್ತದೆ? ಮ್ಯಾನೇಜರಿಗೆ ಗೊತ್ತೇ ಆಗಲಿಲ್ಲ. ನಾನೊಬ್ಬನೇ ಗೋಡೌನಿನ ಮೂಲೆಯಲ್ಲಿ ಕೂತು ನಗುತ್ತಿದ್ದೆ.

ಹತ್ತನೇ ದಿನ ನನಗೇ ಕೆಂಗಣ್ಣು ಬಂತು. ಮೇಸ್ತ್ರಿಯಮ್ಮ ಬಂದು ನನ್ನ ಮೇಜಿನ ಎಡಗಡೆ ಒಂದು ಕರಿಬೀಜ ಇಟ್ಟು ಹೋದರು. ಅದನ್ನು ತೆಗೆದು ಬಿಸಾಡಲು ಕೈ ಎತ್ತಿದೆ. ಯಾಕೋ ಬಿಸಾಡಲಿಲ್ಲ.

ಎರಡು: ಅತ್ತೆಯ ಕಣ್ಣು

ಯಂತ್ರ ಒಂದು ಫೆಬ್ರವರಿಯಲ್ಲಿ ಲಾರಿಯ ಮೇಲೆ ಬಂತು. ಮರದ ಪೆಟ್ಟಿಗೆಯಿಂದ ಇಳಿಸುವಾಗ ಆರು ಆಳು ಬೇಕಾಯಿತು. ಜೊತೆಗೆ ಮದ್ರಾಸಿನಿಂದ ಒಬ್ಬ ಇಂಜಿನಿಯರು. ಕುತ್ತಿಗೆಗೆ ಟೈ, ಕೋಟಿನ ಜೇಬಿನಲ್ಲಿ ಮಡಿಸಿದ ಕರ್ಚೀಫು, ನಮ್ಮ ಚಳಿಗೆ ಮೂಗಿನಲ್ಲಿ ನೀರು.

ಮ್ಯಾನೇಜರು ಎಲ್ಲರನ್ನೂ ಕರೆದು ನಿಲ್ಲಿಸಿದರು. ಅವರಿಗೆ ಕನ್ನಡಕ ಇತ್ತು, ಹಾಕಿಕೊಳ್ಳಲು ನಾಚಿಕೆ. ಹಾಗಾಗಿ ಮಾತಾಡುವಾಗ ನಮ್ಮ ಕಡೆಗಲ್ಲ, ನಮ್ಮ ಪಕ್ಕದ ಕಂಬದ ಕಡೆ ನೋಡುತ್ತಿದ್ದರು. ಕಂಬಕ್ಕೆ ಹೇಳಿದರು: "ಇದಕ್ಕೆ ಕರೆಂಟಿನ ಕಣ್ಣು ಇದೆ. ಇದು ಬೀಜ ನೋಡ್ತದೆ, ಕೆಟ್ಟದ್ದನ್ನು ತೆಗೀತದೆ. ಮುಂದಿನ ತಿಂಗಳು ಪರೀಕ್ಷೆ. ಇದು ನಿಮಗಿಂತ ಚೆನ್ನಾಗಿ ಆರಿಸಿದರೆ, ಯುಗಾದಿಯಿಂದ ಆರಿಸುವ ಕೆಲಸ ಇದಕ್ಕೆ. ಲೈನ್ ಕೋಣೆ ಖಾಲಿ ಮಾಡ್ಬೇಕು. ನೀವು ಗೆದ್ದರೆ ಇದು ವಾಪಸು ಮದ್ರಾಸಿಗೆ."

ಹೆಂಗಸರೂ ಕಂಬವನ್ನೇ ನೋಡಿದರು. ಆಮೇಲೆ ಮೇಸ್ತ್ರಿಯಮ್ಮ ಮುಂದೆ ಬಂದು ಇಂಜಿನಿಯರನ್ನು ಕೇಳಿದರು, "ಇದು ಹ್ಯಾಂಗೆ ನೋಡ್ತದೆ ಸ್ವಾಮಿ?"

ಒಳ್ಳೆಯ ಮನುಷ್ಯ, ಬಾಗಿಲು ತೆರೆದು ತೋರಿಸಿದ. ಒಳಗೆ ಕಾಲಾಣೆಯಷ್ಟು ದುಂಡು ಗಾಜು. ಅದರ ಎದುರಿಗೆ ಒಂದು ತಗಡು, ಒಳ್ಳೇ ಬೀಜದ್ದೇ ಬಣ್ಣ ಬಳಿದದ್ದು. ಮಧ್ಯದಲ್ಲಿ ಬೀಜ ಒಂದೊಂದಾಗಿ ಬೀಳುತ್ತದೆ. "ಒಳ್ಳೇ ಬೀಜ ತಗಡಿನ ಬಣ್ಣಕ್ಕೆ ಸೇರಿ ಹೋಗುತ್ತೆ ಅಮ್ಮಾ, ಅದು ಇದಕ್ಕೆ ಕಾಣಿಸೋದೇ ಇಲ್ಲ. ಕರಿಬೀಜ ಬಂದ್ರೆ ಮಾತ್ರ ಕಾಣಿಸುತ್ತೆ. ಕಂಡ ಕೂಡ್ಲೆ ಗಾಳಿ ಊದಿ ಹೊರಗೆ ತಳ್ಳುತ್ತೆ."

ಮೇಸ್ತ್ರಿಯಮ್ಮ ಬಗ್ಗಿ ಆ ಗಾಜನ್ನು ಬಹಳ ಹೊತ್ತು ನೋಡಿದರು. ಗಾಜೂ ಅವರನ್ನು ನೋಡಿತು.

"ಒಳ್ಳೇದು ಕಾಣುದಿಲ್ಲೆ. ಕೆಟ್ಟದ್ದು ಕಂಡ ಕೂಡ್ಲೆ ಹೊರಗೆ ತಳ್ತದೆ," ಅಂದರು. "ನನ್ನ ಅತ್ತೆಯೂ ಹೀಂಗೇ ಇದ್ದದ್ದು. ಅವರಿಗೆ ಕರೆಂಟು ಬೇಕಿರಲಿಲ್ಲ, ಅಷ್ಟೇ."

ಮೂರು: ಮೊದಲ ದರ್ಜೆಯ ಗುಂಡಿ

ಪರೀಕ್ಷೆಗೆ ಇನ್ನೂ ದಿನವಿತ್ತು. ಇಂಜಿನಿಯರು ದಿನಾ ಸ್ವಲ್ಪ ಬೀಜ ಸುರಿದು ಯಂತ್ರಕ್ಕೆ ಅಭ್ಯಾಸ ಮಾಡಿಸುತ್ತಿದ್ದ. ನಾನು ಪಕ್ಕದಲ್ಲಿ ನಿಂತು ನನ್ನ ಅಭ್ಯಾಸ ಮಾಡುತ್ತಿದ್ದೆ. ಮೊದಲ ದಿನ ಹೊಳೆಯ ಸಣ್ಣ ಕಲ್ಲು ತಂದು ಹಾಕಿದೆ, ನಸು ಹಸಿರು, ಹಸಿ ಕಾಫಿಬೀಜದ್ದೇ ಬಣ್ಣ. ಯಂತ್ರ ಎಲ್ಲವನ್ನೂ ಒಳ್ಳೇ ಕಾಫಿ ಅಂತ ಬಿಟ್ಟಿತು. ಎರಡನೇ ದಿನ ನನ್ನ ಹಳೇ ಕೋಟಿನ ಗುಂಡಿ. ಅದೂ ಮೊದಲ ದರ್ಜೆಯ ಚೀಲಕ್ಕೆ ಹೋಯಿತು.

ಮೂರನೇ ದಿನ ಇಂಜಿನಿಯರು ಕೋಟು ಬಿಚ್ಚಿಟ್ಟು ಊಟಕ್ಕೆ ಹೋಗಿದ್ದ. ಅವನ ಗುಂಡಿಯೂ ಅದೇ ಬಣ್ಣ.

ಮೇಸ್ತ್ರಿಯಮ್ಮನ ಎದುರಿಗೂ ಅದೇ ಆಟ ಆಡಿದೆ. ಗುಂಡಿಯನ್ನು ಅವರ ಮೊರದ ಬೀಜದ ಅಡಿಗೆ ಸೇರಿಸಿಟ್ಟೆ. ಅವರು ಪಕ್ಕದವಳ ಮಗಳ ಹೆರಿಗೆಯ ಸುದ್ದಿ ಕೇಳುತ್ತಾ, ಅವಳ ಮುಖವನ್ನೇ ನೋಡುತ್ತಾ, ಎರಡು ಬೆರಳಲ್ಲಿ ಗುಂಡಿ ಎತ್ತಿ ನನ್ನ ಕಡೆ ಎಸೆದರು. ಮಾತು ನಿಲ್ಲಲಿಲ್ಲ.

ಹೆಂಗಸರೆಲ್ಲ ನಕ್ಕರು. ಎಷ್ಟೋ ದಿನಕ್ಕೆ ಆ ಕೋಣೆಯಲ್ಲಿ ನಗು ಕೇಳಿಸಿತು. ಗೆಲ್ಲುತ್ತೇವೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ನಾನು ಓಡಿ ಹೋಗಿ ಮ್ಯಾನೇಜರಿಗೆ ಹೇಳಿದೆ, "ಸಾರ್, ಅದಕ್ಕೆ ಕಾಫಿಬೀಜಕ್ಕೂ ಕೋಟಿನ ಗುಂಡಿಗೂ ವ್ಯತ್ಯಾಸ ಗೊತ್ತಾಗೋದಿಲ್ಲ."

ಇಂಜಿನಿಯರು ಅಲ್ಲೇ ಇದ್ದ. ಕೋಟನ್ನು ಕೈಯಲ್ಲಿ ಒಟ್ಟು ಹಿಡಿದುಕೊಂಡಿದ್ದ. "ನಿಜ ಸಾರ್. ಇದಕ್ಕೆ ಕಾಫಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಬಣ್ಣ ಒಂದೇ ಗೊತ್ತು. ಕಲ್ಲು, ಗುಂಡಿ ತೆಗೆಯಕ್ಕೆ ಜರಡಿ ಇದೆ. ಪರೀಕ್ಷೆ ಕರಿಬೀಜಕ್ಕೆ ಮಾತ್ರ."

"ಹೌದು ರೈಟರೇ," ಮ್ಯಾನೇಜರು ಕಂಬಕ್ಕೆ ಹೇಳಿದರು. ಕಂಬ ಅವತ್ತು ನನ್ನ ಬಲಗಡೆ ಇತ್ತು, ನಾನು ಎಡಗಡೆ ನಿಂತಿದ್ದೆ. "ಕಾಫಿ ಯಾವುದು, ಗುಂಡಿ ಯಾವುದು ಅಂತ ಗುರುತಿಸುವುದಕ್ಕೆ ನಾನು ಇಲ್ಲವಾ?"

ನಾಲ್ಕು: ಪರೀಕ್ಷೆ

ಒಂದೇ ರಾಶಿಯ ಬೀಜವನ್ನು ಎರಡು ಪಾಲು ಮಾಡಿದರು. ಒಂದು ಪಾಲು ಮೂವತ್ತು ಹೆಂಗಸರಿಗೆ, ಮೂವತ್ತು ಮೊರ. ಇನ್ನೊಂದು ಯಂತ್ರಕ್ಕೆ, ಅದು ಆರಿಸಿದ್ದನ್ನೂ ಮೂವತ್ತು ಮೊರಕ್ಕೆ ತುಂಬಿ ಇಡುವುದು. ಎರಡೂ ಕಡೆ ಎಷ್ಟು ಕರಿಬೀಜ ಉಳಿದಿದೆ ಅಂತ ಎಣಿಸುವುದು. ಅವತ್ತಿಗೆಂದೇ ಮ್ಯಾನೇಜರು ಕನ್ನಡಕ ಹಾಕಿಕೊಂಡು ಬಂದಿದ್ದರು. ಎಲ್ಲರನ್ನೂ ಹೊಸದಾಗಿ ಕಂಡ ಹಾಗೆ ನೋಡುತ್ತಿದ್ದರು.

ಹೆಂಗಸರು ಆರಿಸಿದ್ದನ್ನು ನಾನು ಹೇಗೆ ಹೇಳಲಿ? ಓಡುವ ರಭಸಕ್ಕೆ ಕೈಗಳೇ ಕಾಣುತ್ತಿರಲಿಲ್ಲ. ಮಾತಿಲ್ಲ, ಕೆಮ್ಮಿಲ್ಲ. ಮೇಸ್ತ್ರಿಯಮ್ಮ ಒಂದೊಂದೇ ಮೊರದ ಮೇಲೆ ಬಗ್ಗಿ ನೋಡಿ ತಲೆ ಆಡಿಸುತ್ತಾ ಬರುತ್ತಿದ್ದರು. ಹುಡುಕಿದರೂ ಒಂದು ಕರಿಬೀಜ ಇಲ್ಲ. ನಾನು ಬಾಗಿಲ ಬಳಿ ನಿಂತು, ಗೆದ್ದೆವು, ಇವರ ಕೋಣೆಗಳು ಉಳಿದವು ಅಂತ ಲೆಕ್ಕ ಹಾಕುತ್ತಿದ್ದೆ.

ಆಗ ಮೇಸ್ತ್ರಿಯಮ್ಮ ಸೆರಗಿನ ಗಂಟು ಬಿಚ್ಚಿದರು. ಮೊದಲನೇ ಮೊರದ ಅಂಚಿನಲ್ಲಿ, ಎಡಗಡೆ, ಒಂದು ಕರಿಬೀಜ ಇಟ್ಟರು.

ನಾನು ಅವರ ಹತ್ತಿರಕ್ಕೆ ಓಡಿ ಹೋದೆ. "ಮೇಸ್ತ್ರಿಯಮ್ಮ, ಇವತ್ತೊಂದು ದಿನ ಬೊಟ್ಟು ಬೇಡ."

"ಇವತ್ತಲ್ಲದೆ ಇನ್ನೆಂದಿಗೆ? ಅಷ್ಟು ದೊಡ್ಡ ಕಣ್ಣು ಎದುರಿಗೇ ಉಂಟು."

"ಅದು ಸುಳ್ಳು! ನಾನು ಕಟ್ಟಿದ್ದು. ಆರು ವರ್ಷದ ಹಿಂದೆ ತಮಾಷೆಗೆ ಹೇಳಿದ್ದು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ರೈಟ್ರೇ, ಹೋದ ತಿಂಗಳು ಕಕ್ಕಬೆಯ ದಾರಿಯಲ್ಲಿ ಹುಲಿ ಸೈಕಲು ತಳ್ಳಿಕೊಂಡು ಹೋದದ್ದು ಕಂಡೆ ಅಂದಿರಿ. ಮ್ಯಾನೇಜರಿಗೆ ಮರದ ಕಾಲು ಅಂದಿರಿ. ನೀವು ಇಲ್ಲಿ ಸೇರಿದ ಮೇಲೆ ಹೇಳಿದ್ದರಲ್ಲಿ ನಿಜ ಅಂತ ಇದ್ದದ್ದು ಈ ಬೊಟ್ಟಿನ ಮಾತು ಒಂದೇ. ಅದನ್ನೂ ಸುಳ್ಳು ಅಂತ ಹೇಳ್ತೀರಾ?"

ಎರಡನೇ ಮೊರಕ್ಕೆ ಇಟ್ಟರು. ಮೂರನೇ ಮೊರಕ್ಕೆ. ನಾನು ಹಿಂದಿನಿಂದ ಹೋಗಿ ಮೊದಲನೇ ಬೀಜ ತೆಗೆಯಲು ಕೈ ಹಾಕಿದೆ. "ರೈಟರೇ!" ಮ್ಯಾನೇಜರು ಗುಡುಗಿದರು. ಕನ್ನಡಕ ಹಾಕಿಕೊಂಡಿದ್ದರಲ್ಲ, ನಾನು ಮೊದಲ ಸಲ ಅವರ ಕಣ್ಣಿಗೆ ಬಿದ್ದಿದ್ದೆ. "ಪರೀಕ್ಷೆಯ ಹೊತ್ತಲ್ಲಿ ಮೊರ ಮುಟ್ಟಿದರೆ ನಿಮ್ಮನ್ನೂ ಹೊರಗೆ ಊದಬೇಕಾಗ್ತದೆ!"

ಎಣಿಸಿದರು. ಯಂತ್ರದ ಮೂವತ್ತು ಮೊರದಲ್ಲಿ ಒಟ್ಟು ಹನ್ನೊಂದು ಕರಿಬೀಜ. ಹೆಂಗಸರ ಮೂವತ್ತು ಮೊರದಲ್ಲಿ ಮೂವತ್ತು.

ಇಂಜಿನಿಯರು ಹುಬ್ಬು ಗಂಟಿಕ್ಕಿದ. "ಸಾರ್, ಇದು ವಿಚಿತ್ರ. ಕಣ್ಣು ತಪ್ಪಿದ್ರೆ ಒಂದು ಕಡೆ ನಾಲ್ಕು, ಒಂದು ಕಡೆ ಸೊನ್ನೆ ಇರ್ಬೇಕು. ಎಲ್ಲಾದ್ರಲ್ಲೂ ಒಂದೊಂದು. ಅದೂ ಎಡಗಡೆ. ಇದು ತಪ್ಪು ಅಲ್ಲ ಸಾರ್, ಯಾರೋ ಇಟ್ಟಿದ್ದಾರೆ."

ಮ್ಯಾನೇಜರು ನನ್ನನ್ನು ನೋಡಿದರು. ನಾನು ಎಲ್ಲ ಹೇಳಿದೆ. ಕೆಂಗಣ್ಣು, ಕೂಸಿನ ಕೆನ್ನೆ, ಬೊಟ್ಟು, ಒಂದೂ ಬಿಡದೆ. ಹುಟ್ಟಿದ ಮೇಲೆ ಅಷ್ಟು ಹೊತ್ತು ಒಂದೇ ಸಮ ನಿಜ ಹೇಳಿದ್ದು ಅದೇ ಮೊದಲು.

ಮ್ಯಾನೇಜರು ಕನ್ನಡಕ ತೆಗೆದು ಜೇಬಿಗಿಟ್ಟರು. "ಯಾರು ಇಟ್ಟರೇನು, ಮೂವತ್ತು ಮೂವತ್ತೇ. ಕತೆ ಚೆನ್ನಾಗಿದೆ ರೈಟರೇ," ಅಂತ ಕಂಬಕ್ಕೆ ಹೇಳಿದರು. "ಹುಲಿಯ ಸೈಕಲಿನಷ್ಟು ಚೆನ್ನಾಗಿಲ್ಲ."

ಐದು: ಪೂಜೆ

ಯುಗಾದಿಯ ದಿನ ಯಂತ್ರಕ್ಕೆ ಪೂಜೆ, ಆಮೇಲೆ ವರ್ಕ್ಸಿನ ಧಣಿಗಳು ಬಂದು ಸ್ವಿಚ್ ಒತ್ತುವುದು ಅಂತ ಗೊತ್ತಾಯಿತು. ಹೆಂಗಸರು ಪಾತ್ರೆ, ಚಾಪೆ ಕಟ್ಟಿಟ್ಟುಕೊಂಡಿದ್ದರು. ಮೇಸ್ತ್ರಿಯಮ್ಮನ ಕೋಣೆಯಲ್ಲಿ ಕಟ್ಟುವುದಕ್ಕೆ ಹೆಚ್ಚೇನೂ ಇರಲಿಲ್ಲ. ಹಾಗಾಗಿ ಎರಡು ಸಲ ಕಟ್ಟಿ ಎರಡು ಸಲ ಬಿಚ್ಚಿದರು.

ಪೂಜೆಗೆ ಹಿರಿಯ ಮುತ್ತೈದೆ ಬೇಕು ಅಂತ ಯಾರೋ ಅಂದರು. "ಅವೆಲ್ಲ ಬೇಡ. ವರ್ಕ್ಸಿಗೆ ಹಿರಿಯರು ಮೇಸ್ತ್ರಿಯಮ್ಮ, ಅವರೇ ಮಾಡಲಿ," ಅಂದರು ಮ್ಯಾನೇಜರು. ಅದೊಂದು ಒಳ್ಳೇ ಕೆಲಸ ಅವರು ಮಾಡಿದ್ದು. ಇಂಜಿನಿಯರು ಹಿಂದಿನ ಸಂಜೆಯೇ ಕಣ್ಣಿನ ಗಾಜನ್ನು ತನ್ನ ಕರ್ಚೀಫಿನಿಂದ ಒರೆಸಿ ಫಳಫಳ ಮಾಡಿದ್ದ. ಪೂಜೆಗೆಂದು ಬಾಗಿಲು ತೆರೆದು ಬಿಟ್ಟ. ಮೇಸ್ತ್ರಿಯಮ್ಮ ಹೂವಿಟ್ಟು, ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿದರು. ಆಮೇಲೆ ಗಾಜಿನ ಕಡೆ ಬಗ್ಗಿದರು. ನಾನು ಹತ್ತಿರದಲ್ಲೇ ಇದ್ದೆ, ಅವರು ಗೊಣಗಿದ್ದು ನನಗೊಬ್ಬನಿಗೇ ಕೇಳಿಸಿತು.

"ಪಾಪ, ಹೊಸತು. ಇಷ್ಟು ಜನ ನೋಡಿಕೊಂಡು ನಿಂತಿದ್ದಾರೆ. ಯಾರೂ ಬೊಟ್ಟಿಟ್ಟಿಲ್ಲೆ."

ದೀಪದ ಮಸಿಯನ್ನು ಬೆರಳಲ್ಲಿ ತೆಗೆದು, ಸರಿಯಾಗಿ ಕಣ್ಣಿನ ಗಾಜಿನ ಮಧ್ಯೆ, ದುಂಡಗೆ ಒಂದು ಬೊಟ್ಟು ಇಟ್ಟರು. ಬಾಗಿಲು ಮುಚ್ಚಿ ಕೈಮುಗಿದರು.

ಧಣಿಗಳು ಸ್ವಿಚ್ ಒತ್ತಿದರು. ಬೀಜ ಬೀಳತೊಡಗಿತು. ಈಗ ಅದಕ್ಕೆ ಪ್ರಪಂಚದಲ್ಲಿ ಒಂದೂ ಒಳ್ಳೇ ಬೀಜ ಇಲ್ಲ. ಎಲ್ಲ ಕಪ್ಪು. ಊದಿತು ನೋಡಿ! ಬಂದ ಬೀಜವನ್ನೆಲ್ಲ ಹೊರಗೆ. ಆ ಕಡೆ ಸಾಲಾಗಿ ಕುರ್ಚಿಯಲ್ಲಿ ಕೂತಿದ್ದ ದೊಡ್ಡವರ ಮೇಲೆ ಮದುವೆಯ ಅಕ್ಕಿಕಾಳಿನ ಹಾಗೆ ಮೊದಲ ದರ್ಜೆಯ ಕಾಫಿ. ಧಣಿಗಳು ಕೋಟಿನಲ್ಲಿ ಮುಖ ಮುಚ್ಚಿಕೊಂಡರು. ಇದೂ ಪೂಜೆಯ ಭಾಗವೇ ಇರಬೇಕು ಅಂತ ಮ್ಯಾನೇಜರು ಎರಡು ಕೈಯಲ್ಲಿ ಬೀಜ ಹಿಡಿದು ಕಣ್ಣಿಗೊತ್ತಿಕೊಂಡರು.

ಇಂಜಿನಿಯರು ಫ್ಯೂಸ್ ನೋಡಿದ, ವೈರ್ ಬಿಚ್ಚಿದ, ಗಾಳಿಯ ಕೊಳವೆ ಕಳಚಿದ. ಮೂರು ದಿನ. ಗಾಜನ್ನು ಮಾತ್ರ ನೋಡಲಿಲ್ಲ. ತಾನೇ ಒರೆಸಿದ್ದಲ್ಲವೇ? ಎರಡನೇ ದಿನ ನನಗೇ ಪಾಪ ಅನಿಸಿತು. ಹೋಗಿ ಹೇಳಿದೆ, "ಸಾರ್, ಅದರ ಕಣ್ಣಿಗೆ ಯಾರೋ ದೃಷ್ಟಿಬೊಟ್ಟು ಇಟ್ಟಿದ್ದಾರೆ. ಒರೆಸಿ, ಸರಿಹೋಗ್ತದೆ."

ಅವನ ಕಣ್ಣಲ್ಲಿ ನೀರು ಬಂತು. "ಗುಂಡಿ ಕಿತ್ಕೊಂಡ್ರಿ, ಸುಮ್ನಿದ್ದೆ. ಈಗ ನನ್ನ ಕೆಲಸ ಹೋಗ್ತಿದೆ ಸಾರ್. ಈಗಲೂ ತಮಾಷೆನಾ?"

ನಾನು ನಿಜ ಹೇಳಿಯಾಗಿತ್ತು. ಒರೆಸುವುದು ರೈಟರ್ ಕೆಲಸವಲ್ಲ.

ಯಂತ್ರಕ್ಕೆ ಟಾರ್ಪಾಲು ಹೊದಿಸಿದರು. ಹೆಂಗಸರು ಗಂಟು ಬಿಚ್ಚಿ ಮತ್ತೆ ಮೊರದ ಮುಂದೆ ಕೂತರು. ಆ ಕಕ್ಕಡ ತಿಂಗಳಲ್ಲಿ ಹೊರಗೆ ಎಂಥಾ ಮಳೆ! ಮೇಸ್ತ್ರಿಯಮ್ಮ ತಮ್ಮ ಹತ್ತಡಿಗೆ ಎಂಟಡಿಯಲ್ಲಿ ಒಲೆ ಹಚ್ಚಿ, ಬಾಗಿಲಲ್ಲಿ ಕೂತು ಮಳೆಯನ್ನು ನೋಡುತ್ತಿದ್ದರು, ತಮ್ಮದೇ ಮಳೆ ಅನ್ನುವ ಹಾಗೆ. ಒಂದು ಮಳೆಗಾಲ. ಅಷ್ಟೇ ಸಿಕ್ಕಿದ್ದು.

ತುಲಾ ಸಂಕ್ರಮಣ ಕಳೆದ ಮೇಲೆ ಬೇರೊಬ್ಬ ಇಂಜಿನಿಯರು ಬಂದ. ಬಾಗಿಲು ತೆರೆದ. ಬೆರಳಿಗೆ ಎಂಜಲು ಹಚ್ಚಿ ಗಾಜು ಒರೆಸಿದ. ಯಂತ್ರ ಓಡಿತು. ಚಹ ಕುಡಿಯುವಷ್ಟೂ ಹೊತ್ತು ಬೇಕಾಗಲಿಲ್ಲ.

ಮೇಸ್ತ್ರಿಯಮ್ಮನ ಗಂಟನ್ನು ಭಾಗಮಂಡಲದ ಬಸ್ಸಿಗೆ ಹತ್ತಿಸಿದವನು ನಾನೇ. ಕಿಟಕಿಯ ಹತ್ತಿರ ನಿಂತೆ. ಹೇಳಬೇಕಾಗಿತ್ತು, ಹೇಳಿದೆ. "ಮೇಸ್ತ್ರಿಯಮ್ಮ, ನಿಮ್ಮ ಕೋಣೆ ಹೋದದ್ದು ನನ್ನಿಂದ. ಆ ಬೊಟ್ಟು ನಾನು ಕಟ್ಟಿದ ಸುಳ್ಳು. ದೇವರಾಣೆ."

ಅವರು ನಕ್ಕರು. ಮುಖಕ್ಕೆ ಸೆರಗು ಅಡ್ಡ ಹಿಡಿದು, ಹೆಗಲು ಕುಲುಕುವ ಹಾಗೆ ನಕ್ಕರು. ಪಕ್ಕದ ಸೀಟಿನವಳಿಗೆ, "ನೋಡಕ್ಕ, ನಮ್ಮ ರೈಟ್ರು. ನಾನು ಅಳ್ತೇನೆ ಅಂತ ಬಸ್ಸು ಹೊರಡುವವರೆಗೂ ಸುಳ್ಳು ಹೇಳಿ ನಗಿಸ್ತಾ ಇದ್ದಾರೆ," ಅಂದರು. ಸೆರಗಿನ ಗಂಟಿನಿಂದ ಒಂದು ಕರಿಬೀಜ ತೆಗೆದು ನನ್ನ ಅಂಗೈಗಿಟ್ಟರು. "ಇಟ್ಟುಕೊಳ್ಳಿ. ಇಷ್ಟು ಚೆಂದ ಸುಳ್ಳು ಹೇಳುವ ಬಾಯಿಗೆ ಯಾರದ್ದಾದರೂ ದೃಷ್ಟಿ ತಾಗೀತು."

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವರ ಹೆಗಲು ಕುಲುಕುತ್ತಿತ್ತು. ನಗುವಿಗೇ ಅಂತ ನಾನು ಅಂದುಕೊಂಡಿದ್ದೇನೆ. ದೂರದಿಂದ ನೋಡಿದರೆ ಅದೂ ಇದೂ ಒಂದೇ ಥರ ಕಾಣುತ್ತದೆ. ಗುರುತಿಸುವ ಯಂತ್ರ ಇನ್ನೂ ಬಂದಿಲ್ಲ.

ಆ ಬೀಜ ಈಗಲೂ ನನ್ನ ಜೇಬಿನಲ್ಲಿದೆ, ನೋಡಿ. ಇದೋ. ಈ ಜೇಬಿನಲ್ಲಿ ಇದು ಬಿಟ್ಟರೆ ಬೇರೇನೂ ಇಲ್ಲ. ಪರ್ಸು ಮನೆಯಲ್ಲೇ ಉಳಿದುಹೋಗಿದೆ, ದೇವರಾಣೆ ನಿಜ. ಈ ಎರಡು ಚಹದ್ದು ನೀವೇ ಕೊಟ್ಟುಬಿಡಿ.

ಯಾಕೆ ನಗುತ್ತೀರಿ?